ಮೇಡಂ ಬೈಯದ ದಿನಗಳು

ಹಿರಿಯಡ್ಕದಲ್ಲಿ ಕಾರ್ಕಳದ ಬಸ್ಸಿಗೆ ಕಾಯುತ್ತ ಚಾದಂಗಡಿಯಲ್ಲಿ ಕೂತಿದ್ದೆ. ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟ ವಾಸನೆ ಬಂತು. ಅಂಗಡಿಯ ಅಕ್ಕ ಗಂಡನಿಗೆ ಬೈಯತೊಡಗಿದರು. ನನಗೆ ಮಣಿಪಾಲದ ನಮ್ಮ ಮೇಡಂ ನೆನಪಾದರು...

ಅವರು ನನ್ನ ಸಂಶೋಧನೆಯ ಗೈಡ್, ಕೆಮ್ಮಣ್ಣು ಊರಿನ ಕೊಂಕಣಿ ಕ್ರೈಸ್ತ ಮನೆಯವರು. ಬೈಯದ ದಿನವಿಲ್ಲ. ಲ್ಯಾಬಿನ ಮೂಲೆಯಲ್ಲಿ ಚಾಕ್ಕೆ ಹಾಲಿಟ್ಟು ನನ್ನ ಗ್ರಾಫ್ ನೋಡುವರು. "ಎಂತ ಮಾರಾಯ, ಇದಕ್ಕೆ ಯೂನಿಟ್ ಇಲ್ವಾ? ಇದು ಶಾಖವಾ, ಬಂಗುಡೆ ಮೀನಿನ ರೇಟಾ?" ಎನ್ನುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು. ಅದಕ್ಕೂ ನನಗೇ ಬೈಗುಳ. ಆಮೇಲೆ ಎಲ್ಲ ಮರೆತು ಅವರೇ ಚಾ ಸೋಸಿ ಕೊಡುತ್ತಿದ್ದರು.

ನಮ್ಮ ಕೆಲಸ ಪ್ಲಾಸ್ಮಾದ ಅಂಚಿನ ಬಗ್ಗೆ. ಸೂರ್ಯನೊಳಗೆ ನಡೆಯುವ ಪರಮಾಣು ಸಮ್ಮಿಲನವನ್ನು ಭೂಮಿಯ ಮೇಲೆ ಮಾಡಲು ಅನಿಲವನ್ನು ಯಾವ ಪಾತ್ರೆಯೂ ತಾಳದಷ್ಟು ಕಾಯಿಸಬೇಕು. ಹಾಗೆ ಕಾದ ಅನಿಲವೇ ಪ್ಲಾಸ್ಮಾ; ಅದನ್ನು ಕಾಂತಕ್ಷೇತ್ರದ ಬೇಲಿಯೊಳಗೆ ಹಿಡಿದಿಡುತ್ತಾರೆ. ಅಂಚಿನಲ್ಲಿ ಒತ್ತಡ ಏರಿ ಆಗಾಗ ಸಿಡಿಯುತ್ತದೆ. ಒಳಗಿನ ಶಾಖದ ಒಂದು ಪಾಲು ಹೊರಚೆಲ್ಲಿ ಯಂತ್ರದ ಗೋಡೆಗೆ ಬಡಿಯುತ್ತದೆ. ದೊಡ್ಡ ಸಿಡಿತವಾದರೆ ಗೋಡೆಯೇ ಹಾಳು. ಸಿಡಿಯದಂತೆ ಮಾಡಿದರಾಯಿತಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಆಗ ಗೋಡೆಯಿಂದ ಎದ್ದ ಕಸ ಒಳಗೇ ಉಳೀತದೆ. ಸಣ್ಣ ಸಣ್ಣ ಸಿಡಿತ ಇದ್ರೆ ಅದನ್ನೂ ಹೊರಗೆ ಹಾಕ್ತದೆ. ಸುಮ್ಮನಿರುವ ಪ್ಲಾಸ್ಮಾವನ್ನು ನಂಬಬೇಡ ಮಾರಾಯ, ಒಳಗೊಳಗೇ ಕಸ ತುಂಬಿ ಒಮ್ಮೆಲೇ ಆರಿ ಹೋಗ್ತದೆ" ಎಂದಿದ್ದರು.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ಮೇಡಂ ಬೈಯುವುದನ್ನು ನಿಲ್ಲಿಸಿಬಿಟ್ಟರು. ಯೂನಿಟ್ ಇಲ್ಲದ ಗ್ರಾಫ್ ಕೊಟ್ಟರೂ "ಆಯ್ತು, ಅಲ್ಲಿ ಇಡು", ಅಷ್ಟೆ. ಬದುಕಿದೆಯಾ ಬಡಜೀವವೇ ಎಂದು ಲ್ಯಾಬಿನವರೆಲ್ಲ ಸೇರಿ ಉಡುಪಿಗೆ ಹೋಗಿ ಗಡ್‌ಬಡ್ ಐಸ್‌ಕ್ರೀಮ್ ತಿಂದು ಬಂದೆವು. ದಿನವಿಡೀ ಸಿಡಿತದ ಗ್ರಾಫ್ ನೋಡುತ್ತಿದ್ದವರು ನಾವು... ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಅವರು ರಜೆ ಹಾಕಿದರು. ಕ್ರಿಸ್ಮಸ್ ಕಳೆದು ಕೆಲವೇ ದಿನಕ್ಕೆ ತೀರಿಕೊಂಡರು. ಕೆಮ್ಮಣ್ಣಿನ ಇಗರ್ಜಿಯ ಅಂಗಳದಲ್ಲಿ ಅವರ ತಂಗಿ ಹೇಳಿದ ಮೇಲೆಯೇ ಕ್ಯಾನ್ಸರ್ ಎಂದು ನಮಗೆ ಗೊತ್ತಾದದ್ದು.

"ಬೆಳಿಗ್ಗೆ ಆಸ್ಪತ್ರೆಗೆ ಹೋಗಿಯೇ ಲ್ಯಾಬಿಗೆ ಬರ್ತಾ ಇದ್ದದ್ದು. ಮನೆಯಲ್ಲೂ ಮಾತಿಲ್ಲ. ಮಕ್ಕಳಿಗೆ ಹೇಳ್ಬೇಡ, ಅವರ ಕೆಲಸ ನಿಲ್ತದೆ ಅಂದಿದ್ಲು."

ಮೇಡಂಗೆ ಮದುವೆಯಾಗಿರಲಿಲ್ಲ. ಮಕ್ಕಳು ಎಂದರೆ ನಾವೇ.

ಈಗ ನನ್ನ ಗ್ರಾಫ್‌ಗಳಿಗೆಲ್ಲ ಯೂನಿಟ್ ಉಂಟು. ಬೈಯುವವರಿಲ್ಲ. ಒಮ್ಮೊಮ್ಮೆ ಆ ಬೈಗುಳಕ್ಕಾಗಿ ಜೀವ ಹಂಬಲಿಸುತ್ತದೆ...

ಅಂಗಡಿಯಾತ ತಲೆ ತಗ್ಗಿಸಿ ಒಲೆ ಒರೆಸುತ್ತಿದ್ದ. ಅಕ್ಕನ ಬೈಗುಳ ಇನ್ನೂ ಮುಗಿದಿರಲಿಲ್ಲ. ಹೊರಗೆ ನನ್ನ ಬಸ್ಸು ಬಂದು ನಿಂತಿತು.

"ಅಕ್ಕ, ಇನ್ನೊಂದು ಚಾ ಕೊಡಿ" ಎಂದೆ.