ಕೆಳಗಿನ ಸಾಲಿನಿಂದ ಶುರುವಾದ ಕಥೆ

ನನ್ನ ತಂಗಿಗೆ ಏಳು ವರ್ಷವಾದಾಗ ತಿಂಗಳುಗಟ್ಟಲೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ನೋಡಿದರೆ ಎರಡು ಕಿವಿಯೂ ಕೇಳಿಸುತ್ತಿರಲಿಲ್ಲ. ನನಗೆ ಆಗ ಹನ್ನೊಂದು ವರ್ಷ, ಬಾಯಿ ಮಾತ್ರ ಇಪ್ಪತ್ತೊಂದರದು. ಅವಳಿಗೆ ಇನ್ನೂ ಅಕ್ಷರ ಹತ್ತಿರಲಿಲ್ಲ. ಮೇಷ್ಟ್ರ ಮಾತು ಕೇಳಿಸದ ಮೇಲೆ ಸ್ಕೂಲೂ ನಿಂತುಹೋಯಿತು. ಕರೆದರೆ ತಿರುಗುತ್ತಿರಲಿಲ್ಲ, ಕೇಳಿದರೆ ಉತ್ತರವಿಲ್ಲ. ತನ್ನ ದನಿ ತನಗೇ ಕೇಳಿಸದೆ ಮಾತಾಡುವುದನ್ನೂ ಬಿಟ್ಟುಬಿಟ್ಟಳು. ನಮ್ಮಪ್ಪನ ಅಮ್ಮ, ನಮ್ಮ ಮನೆಯ ಯಜಮಾನಿ, ಅದಕ್ಕೆ ತನ್ನದೇ ಅರ್ಥ ಕಟ್ಟಿದಳು.

"ಜರ ಬರೀ ಕಿವೀನ ತಕಂಡು ಓಗ್ನಿಲ್ಲ ಕಣ್ರವ್ವಾ, ಗ್ಯಾನಾನೂ ತಕಂಡು ಓಯ್ತು. ಮಗಿ ಮಂಕಾಯ್ತು."

ಅಜ್ಜಿ ಕೆಟ್ಟವಳಲ್ಲ. ಆದರೆ ಒಂದು ಮಾತು ಆಡಿದಳು ಅಂದರೆ ಮುಗಿಯಿತು, ಅಪ್ಪನೂ ಎದುರಾಡುವ ಹಾಗಿಲ್ಲ. ನಮ್ಮದು ಸೀರೆ ನೇಯುವ ಮನೆ. ರೇಷ್ಮೆ ನೂಲಿನ ಕೆಲಸಕ್ಕೆ ಗ್ಯಾನ ಬೇಕು, ಇದರ ಕೈಯಲ್ಲಿ ಆಗದು, ಯುಗಾದಿ ಕಳೆಯುತ್ತಲೂ ಅಗರದ ಅತ್ತೆ ಮನೆಗೆ ಕಳಿಸಿಬಿಡೋಣ, ಕರು ನೋಡಿಕೊಂಡಿರಲಿ ಅಂತ ತೀರ್ಮಾನವೂ ಆಯಿತು. ತಂಗಿ ನನ್ನ ಪಕ್ಕದಲ್ಲಿ ಮಲಗುತ್ತಿದ್ದವಳು. ಅವಳು ಮಂಕಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು, ತೋರಿಸುವುದು ಹೇಗೆ?

ಅದೇ ಹೊತ್ತಿಗೆ ಒಂದು ಪುಸ್ತಕ ಬಂತು. ಆಗ ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿದ ಕೋಯಮತ್ತೂರು ಜಿಲ್ಲೆ, ಪಕ್ಕದ ಯಳಂದೂರು ಮೈಸೂರು ಸೀಮೆ. ಕನ್ನಡದ ಮಕ್ಕಳ ಪುಸ್ತಕ ಅಂದರೆ ನಮಗೆ ಆ ಕಡೆಯಿಂದಲೇ ಬರಬೇಕು. ಯಳಂದೂರಿನಲ್ಲಿ ಮೇಷ್ಟ್ರಾಗಿದ್ದ ಸೋದರಮಾವ ತನ್ನ ಸ್ಕೂಲಿನ ಪುಸ್ತಕವನ್ನು ನನಗೆ ಹದಿನೈದು ದಿನಕ್ಕೆ ಅಂತ ಕೊಟ್ಟುಹೋದ. ಒಬ್ಬ ರಕ್ಕಸ ಒಂದೂರಿನ ಬಣ್ಣಗಳನ್ನೆಲ್ಲ ಕದ್ದು ಗವಿಯಲ್ಲಿ ಬಚ್ಚಿಟ್ಟಿರುತ್ತಾನೆ. ಒಬ್ಬಳು ಹುಡುಗಿ ಕುಂಟು ಆನೆಮರಿಯೊಂದರ ಜೊತೆ ಏಳು ಬೆಟ್ಟ ಹತ್ತಿಳಿದು ಬಣ್ಣ ಬಿಡಿಸಿ ತರುತ್ತಾಳೆ. ಗವಿಯ ಬಾಗಿಲಿನ ಬಂಡೆ ಬೀಳುವಾಗ ಆನೆಮರಿ ಬೆನ್ನು ಕೊಟ್ಟು ತಡೆಯುತ್ತದೆ, ಹುಡುಗಿ ಓಡಿ ಪಾರಾಗುತ್ತಾಳೆ. ಅಬ್ಬಬ್ಬಾ, ಅಂಥ ಪುಸ್ತಕ! ನಾಲ್ಕು ಸಲ ಓದಿದೆ. ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ತಂಗಿ ಎದುರಿಗೆ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದಳು, ಪಾಪ.

ನಾನು ಚಿಕ್ಕಪ್ಪನ ಹತ್ತಿರ ಹೋದೆ. ಮದುವೆಯಾಗದ ನಮ್ಮ ಚಿಕ್ಕಪ್ಪ ಬೀದಿಯ ಮಗ್ಗಗಳಿಗೆಲ್ಲ ಸೀರೆ ಅಂಚಿನ ನಕ್ಷೆ ಬರೆಯುತ್ತಿದ್ದವನು. ಸಣ್ಣಸಣ್ಣ ಚೌಕಗಳಿರುವ ದೊಡ್ಡ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ಹಂಸ, ಮಾವಿನಕಾಯಿ, ಬಳ್ಳಿ ಎಬ್ಬಿಸುತ್ತಿದ್ದ. ಓದಿದ್ದು ಎರಡನೇ ಕ್ಲಾಸು. ಮಾತು ಕಮ್ಮಿ, ನಶ್ಯ ಜಾಸ್ತಿ.

"ಚಿಕ್ಕಪ್ಪಾ, ಈ ಕಥೇನ ಪೂರ್ತಿ ಚಿತ್ರದಲ್ಲಿ ಬರ್ಕೊಡು. ಮಾತೇ ಇರ್ಬಾರ್ದು."

"ಪುಸ್ತಕಾನ ಚಿತ್ರ ಮಾಡಾದಾ? ಅಂಗೂ ಮಾಡ್ತಾರಾ ಯಾರಾರ?"

"ಮಾಡ್ತಾರೆ. ಮಾವ ತಂದಿದ್ದ ಪತ್ರಿಕೇಲಿ ನೋಡಿವ್ನಿ. ಸಾಲಾಗಿ ಚಿತ್ರ."

ನೋಡಿದ್ದು ನಾಲ್ಕೇ ನಾಲ್ಕು ಚಿತ್ರ. ಜಂಬ ಮಾತ್ರ ಇಡೀ ಪತ್ರಿಕೆ ನಾನೇ ಅಚ್ಚು ಹಾಕಿಸಿದಷ್ಟು.

ಅವನು ಒಪ್ಪಿಕೊಂಡ. ಬೆಳಗಿನ ಹೊತ್ತು ಮಗ್ಗದ ಕೆಲಸಕ್ಕೆ ಮುಂಚೆ ನಾನು ಓದುವುದು, ಅವನು ಕಣ್ಣು ಮುಚ್ಚಿಕೊಂಡು ಕೇಳುವುದು. ದಿನಾ ಜಗಳ. ಪುಸ್ತಕದಲ್ಲಿ ಕಾಗೆಯೊಂದು ಹುಡುಗಿಗೆ ಮೂರು ಪುಟ ಬುದ್ಧಿ ಹೇಳುತ್ತದೆ, ಅದು ನನಗೆ ಬಾಯಿಪಾಠ. ಅವನು ಅದನ್ನು ಸಲೀಸಾಗಿ ಬಿಟ್ಟುಬಿಟ್ಟ.

"ಕಾಗೆ ಮಾತೆಲ್ಲಿ?" ಅಂದೆ.

"ಮಾತು ಕೇಳಿ ಆ ಉಡ್ಗಿ ಎದ್ದು ಒಂಟೋದ್ಳಾ ಇಲ್ವಾ?"

"ಒಂಟೋದ್ಳು."

"ಅಂಗಾರೆ ಎದ್ದು ಓಗಾದು ಬರುದ್ರೆ ಸಾಕು ಬುಡು."

ಆಗ ಸಿಟ್ಟು ಬಂದಿತ್ತು. ಈಗ ಮೊಮ್ಮಕ್ಕಳ ಕೈಯಲ್ಲಿ ಚಿತ್ರಕಥೆಯ ಪುಸ್ತಕಗಳನ್ನು ನೋಡುತ್ತೇನೆ. ದಪ್ಪದಪ್ಪ ಸಾಹಸದ ಕಥೆಗಳನ್ನು ಚಿತ್ರಕ್ಕೆ ಇಳಿಸಿರುತ್ತಾರೆ, ಚೆನ್ನಾಗಿಯೂ ಇರುತ್ತವೆ. ಆದರೂ ಏನನ್ನು ಬಿಡಬೇಕು ಅನ್ನುವುದು ನಮ್ಮ ಚಿಕ್ಕಪ್ಪನಷ್ಟು ಚೆನ್ನಾಗಿ ಗೊತ್ತಿದ್ದವರನ್ನು ನಾನು ಕಾಣೆ. ಬಣ್ಣ ಕಳುವಾದ ಊರನ್ನು ಬರೀ ಸೀಸದಕಡ್ಡಿಯಲ್ಲಿ ಬರೆದ. ಗವಿಗೆ ಚೌಕವನ್ನೆಲ್ಲ ಕಪ್ಪು ತುಂಬಿ, ಹುಡುಗಿಯ ಕಣ್ಣಿಗೆ ಅಂತ ಎರಡೇ ಎರಡು ಚೌಕ ಬಿಳಿ ಬಿಟ್ಟ. ಆ ಎರಡು ಚೌಕದಲ್ಲಿ ಎಷ್ಟು ಭಯ ಇತ್ತು ಅಂತೀರಿ! ಕೆಂಪು, ಹಳದಿ, ಹಸಿರು ಬಂದದ್ದು ಅವಳು ಊರಿಗೆ ವಾಪಸು ಬರುವ ಸಾಲಿನಲ್ಲಿ ಮಾತ್ರ. ಅದಕ್ಕೆ ಬಣ್ಣದ ಮನೆಯಿಂದ ರೇಷ್ಮೆಗೆ ಹಾಕುವ ಬಣ್ಣವನ್ನೇ ಚಿಪ್ಪಿನಲ್ಲಿ ತಂದಿದ್ದ.

ಹದಿನಾಲ್ಕನೆಯ ದಿನ ಅಮಾವಾಸ್ಯೆ, ಮಗ್ಗಕ್ಕೆ ರಜೆ. ಚಿಕ್ಕಪ್ಪ ಹಾಳೆಯನ್ನು ಅದುವರೆಗೂ ಯಾರಿಗೂ ಪೂರ್ತಿ ಬಿಚ್ಚಿ ತೋರಿಸಿರಲಿಲ್ಲ. ಅವತ್ತು ನಡುಮನೆಯಲ್ಲಿ ಹಾಸಿದ. ಒಂದೇ ದೊಡ್ಡ ಹಾಳೆ, ಆರು ಸಾಲು, ಸಾಲಿಗೆ ಮೂರು ಚಿತ್ರ. ಅಜ್ಜಿಯೂ ಬಂದು ಕೂತಳು. ನಾನು ಮೇಷ್ಟ್ರ ಹಾಗೆ ತಂಗಿಯ ಬೆರಳು ಹಿಡಿದು ಮೇಲಿನ ಸಾಲಿನ ಎಡಮೂಲೆಯಲ್ಲಿ ಇಟ್ಟೆ.

ಇಟ್ಟರೆ, ಅಲ್ಲಿ ಊರಿಗೆ ಆಗಲೇ ಬಣ್ಣ ಬಂದುಬಿಟ್ಟಿದೆ! ಎರಡನೇ ಸಾಲಿನಲ್ಲಿ ಬಂಡೆ ಬೀಳುತ್ತಿದೆ. ಮೂರರಲ್ಲಿ ರಕ್ಕಸ. ಇಳಿಯುತ್ತಾ ಇಳಿಯುತ್ತಾ ಹುಡುಗಿ ಬೆಟ್ಟ ದಾಟಿ, ಕೊನೆಗೆ ತಳದ ಸಾಲಿನಲ್ಲಿ ಮನೆ ಬಿಟ್ಟು ಹೊರಡುತ್ತಿದ್ದಾಳೆ. ತಂಗಿ ಬೆಪ್ಪಾಗಿ ನನ್ನ ಮುಖ ನೋಡಿದಳು.

"ನೋಡ್ದಾ? ನಾ ಏಳ್ನಿಲ್ವಾ?" ಅಂದಳು ಅಜ್ಜಿ. "ಬುಡ್ರವ್ವಾ ಮಗೀನ, ಯಾಕೆ ಗೋಳು ಉಯ್ಕತೀರಿ."

ನಾನು ಚಿಕ್ಕಪ್ಪನ ಮೇಲೆ ಹರಿಹಾಯ್ದೆ. "ಏನ್ ಚಿಕ್ಕಪ್ಪಾ ಇದು, ಎಲ್ಲಾ ತಲೆಕೆಳಗು ಬರ್ದಿದ್ದೀಯ! ಕಥೆ ಕೆಟ್ಟೋಯ್ತು!"

ಅವನಿಗೆ ಅರ್ಥವೇ ಆಗಲಿಲ್ಲ. "ತಲೆಕೆಳಗು ಯಾವ್ದಮ್ಮಿ? ಸುರುವಾಗಾದು ಕೆಳಗಿಂದ್ಲೇ ಅಲ್ವಾ?"

ಆಗ ಹೊಳೆಯಿತು ನನಗೆ. ಸೀರೆ ನೇಯುವುದು ನೇಕಾರನ ಎದೆಯ ಕಡೆಯಿಂದ ಆಚೆಗೆ. ನಕ್ಷೆಯಲ್ಲಿ ತಳದ ಸಾಲೇ ಮೊದಲ ಎಳೆ. ಅಲ್ಲಿಂದ ಮೇಲಕ್ಕೆ ಓದುತ್ತಾರೆ. ಇಪ್ಪತ್ತು ವರ್ಷ ಅದನ್ನೇ ಬರೆದವನ ಕೈ ಕಥೆಯನ್ನೂ ಹಾಗೇ ಬರೆದಿತ್ತು. ಮತ್ತೆ ಬರೆಯಲು ಅಂಥ ಹಾಳೆ ಇನ್ನೊಂದಿರಲಿಲ್ಲ, ಬೆಳಗಾದರೆ ಪುಸ್ತಕ ಯಳಂದೂರಿಗೆ ವಾಪಸು ಹೋಗಬೇಕು. ನಾನು ತಂಗಿಯ ಬೆರಳು ಬಿಟ್ಟು ಗೊಳೋ ಅಂತ ಅತ್ತುಬಿಟ್ಟೆ.

ಬೆರಳು ಬಿಟ್ಟಿದ್ದೇ ಒಳ್ಳೆಯದಾಯಿತು. ತಂಗಿ ಸರಸರನೆ ಹಾಳೆಯ ತಳಕ್ಕೆ ಸರಿದಳು. ದಿನವೆಲ್ಲ ಮಗ್ಗದ ಪಕ್ಕ ಕೂತು ಬಟ್ಟೆ ಬೆಳೆಯುವುದನ್ನು ನೋಡುತ್ತಿದ್ದವಳಲ್ಲವೇ! ಕೆಳಗಿನ ಸಾಲಿನ ಮೊದಲ ಚಿತ್ರದ ಮೇಲೆ ಬೆರಳಿಟ್ಟಳು, ಪಕ್ಕಕ್ಕೆ ಹೋದಳು, ಮೇಲಿನ ಸಾಲಿಗೆ ಹತ್ತಿದಳು. ಗವಿಯ ಹತ್ತಿರ ಬೆರಳು ನಿಂತಿತು, ಎರಡು ಬಿಳಿ ಚೌಕವನ್ನು ಮುಟ್ಟಿ ನೋಡಿದಳು. ಬಂಡೆ ಬಂದಾಗ ಉಸಿರು ಬಿಗಿ ಹಿಡಿದಳು. ಬಣ್ಣ ಬಂದಾಗ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

ಅವಳು ಹಿಂದಿನ ಸಾಲಿಗೆ ಇಳಿದು ಬಂಡೆಯ ಕೆಳಗಿನ ಆನೆಮರಿಯನ್ನು ತೋರಿಸಿದಳು. ಆಮೇಲೆ ಬಣ್ಣ ಬಂದ ಮೇಲಿನ ಸಾಲಿನ ಮೂರೂ ಚಿತ್ರವನ್ನು ತಡಕಿದಳು. ಆನೆಮರಿ ಇಲ್ಲ. ಕೈ ಅಲ್ಲಾಡಿಸಿ ಕೇಳಿದಳು, ಎಲ್ಲಿ?

ಚಿಕ್ಕಪ್ಪ ನನ್ನ ಕಡೆ ನೋಡಿದ. "ಆನೆಮರಿ ಏನಾಯ್ತಮ್ಮಿ, ಪುಸ್ತಕದಲ್ಲಿ?"

ಪುಸ್ತಕದಲ್ಲಿ ಇರಲಿಲ್ಲ. ಬರೆದವರು ಮರೆತಿದ್ದರು. ನಾಲ್ಕು ಸಲ ಓದಿದ ನಾನೂ ಕೇಳಿರಲಿಲ್ಲ. ನಾಚಿಕೆಯಿಂದ ಅಳು ಕೂಡ ನಿಂತುಹೋಯಿತು.

ತಂಗಿ ಕಾಯಲಿಲ್ಲ. ಚಿಕ್ಕಪ್ಪನ ಕಿವಿಯ ಹಿಂದಿದ್ದ ಸೀಸದಕಡ್ಡಿ ಎಳೆದುಕೊಂಡು, ಎಲ್ಲಕ್ಕಿಂತ ಮೇಲೆ ಉಳಿದಿದ್ದ ಖಾಲಿ ಜಾಗದಲ್ಲಿ ಬರೆಯತೊಡಗಿದಳು. ಹುಡುಗಿ ಗವಿಗೆ ಹಿಂದಿರುಗಿ ಬಂಡೆಗೆ ಮರದ ದಿಮ್ಮಿ ಊರಿದಳು. ಆನೆಮರಿ ಹೊರಗೆ ಬಂತು. ಮೂರನೆಯ ಚಿತ್ರದಲ್ಲಿ ಅದು ಒಂದು ಮನೆಯ ಬಾಗಿಲಲ್ಲಿ ನಿಂತಿತ್ತು, ಒಬ್ಬಳು ಮುದುಕಿ ಅದರ ಬಾಯಿಗೆ ಏನೋ ಇಡುತ್ತಿದ್ದಳು. ಮುದುಕಿಯ ಮೂಗಿಗೆ ಎರಡೂ ಕಡೆ ಮೂಗುಬಟ್ಟು ಇತ್ತು, ನಮ್ಮಜ್ಜಿಗೆ ಇದ್ದ ಹಾಗೆ.

ಬರೆದು ಮುಗಿಸಿ ಅಜ್ಜಿಯ ಬೆರಳು ಹಿಡಿದಳು. ತಳದ ಸಾಲಿನಿಂದ ಒಂದೊಂದೇ ಚಿತ್ರ ದಾಟಿಸುತ್ತಾ, ರಕ್ಕಸನಿಗೆ ಕೆನ್ನೆ ಉಬ್ಬಿಸಿ, ಬೆಟ್ಟಕ್ಕೆ ಏದುಸಿರು ಬಿಟ್ಟು, ಇಡೀ ಕಥೆಯನ್ನು ಒಂದು ಮಾತೂ ಇಲ್ಲದೆ ಹೇಳಿದಳು. ನಮ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಕೊನೆಯ ಚಿತ್ರಕ್ಕೆ ಬಂದಾಗ ಅಜ್ಜಿ ತನ್ನ ಮೂಗುಬಟ್ಟು ಮುಟ್ಟಿ ನೋಡಿಕೊಂಡಳು.

"ಮಂಕು ನಾನು ಕಣವ್ವಾ," ಅಂದಳು. "ನೀನಲ್ಲ. ನೀ ಎಲ್ಲೂ ಓಗ್ಬ್ಯಾಡ, ನನ್ ಜೊತೇಲೇ ಇರು."

ತಂಗಿ ಅಜ್ಜಿಯ ತುಟಿ ನೋಡಿದಳು. ಏನೂ ತಿಳಿಯಲಿಲ್ಲ.

ಅಜ್ಜಿ ಕಣ್ಣೊರೆಸಿಕೊಂಡು ಚಿಕ್ಕಪ್ಪನ ಕಡೆ ತಿರುಗಿದಳು. "ಏನ್ಲಾ ಸುಮ್ಕೆ ಕುಂತಿದ್ದೀಯೆ? ಈಗ ನಾ ಅಂದದ್ನೂ ಬರ್ದು ತೋರ್ಸ್ಲಾ ಮಗೀಗೆ."