ಎರಡನೇ ಚರಣಕ್ಕೆ ಮುಂಚೆ

ಆ ಭಾನುವಾರ ರಾಜಾಜಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ನಾನು, ಮಗಳು, ನಮ್ಮ ಯಜಮಾನರು. ಅವರು ಹಿತುಕುತ್ತಿದ್ದುದು ಬಲಗೈಯಲ್ಲಿ ಮಾತ್ರ. ಸಿನಿಮಾ ಹಾಡುಗಳ ವಾದ್ಯವೃಂದದಲ್ಲಿ ಪಿಟೀಲು ನುಡಿಸುವುದು ಅವರ ಕೆಲಸ. ತಂತಿ ಒತ್ತಿ ಒತ್ತಿ ಎಡಗೈ ಬೆರಳುಗಳ ತುದಿ ಗಟ್ಟಿಯಾಗಿತ್ತು. ನೆನೆದು ಮೆತ್ತಗಾದರೆ ತಂತಿ ಕೊರೆಯುತ್ತದೆ ಎನ್ನುತ್ತಿದ್ದರು.

"ಏನಪ್ಪಾ, ನಿನ್ನ ಎಡಗೈ ಸಾಹೇಬ್ರಿಗೆ ಇವತ್ತೂ ರಜಾನಾ?" ಎಂದಳು ಮಗಳು.

"ಅವ್ರಿಗೆ ನಾಳೆ ರೆಕಾರ್ಡಿಂಗ್ ಇದೆ ಕಣೇ. ನೀನು ಹಿತುಕು."

ಇಪ್ಪತ್ತು ಪಿಟೀಲುಗಳ ನಡುವೆ ದಿನವಿಡೀ ಕೂರುತ್ತಿದ್ದ ಅವರಿಗೆ ಮನೆಯಲ್ಲಿ ಬೇಕಾಗಿದ್ದುದು ಒಂಟಿ ವಾದ್ಯ. ಬೆಳಿಗ್ಗೆ ರೇಡಿಯೊದಲ್ಲಿ ವೀಣೆ ಬಂದರೆ ಕಾಫಿ ಆರಿದರೂ ಅಲ್ಲಾಡುತ್ತಿರಲಿಲ್ಲ. ತಾವು ನುಡಿಸಿದ ಹಾಡು ಬಂದರೆ ಪೇಪರು ಬಿಡಿಸುತ್ತಿದ್ದರು. ಇದರಲ್ಲಿ ನಿಮ್ಮದು ಯಾವುದು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ನಂದು ಬೇರೆಯಾಗಿ ಕೇಳಿಸ್ಬಾರ್ದು. ಕೇಳಿಸ್ತು ಅಂದ್ರೆ ತಪ್ಪು ಮಾಡಿದೀನಿ ಅಂತ" ಎಂದಿದ್ದರು.

ಅಂಥ ತಪ್ಪು ಒಂದೇ ಒಂದು ಸಲ ಆಗಿತ್ತು. ಒಂದು ಹಾಡಿನಲ್ಲಿ, ಎರಡನೇ ಚರಣಕ್ಕೆ ಮುಂಚೆ, ಪಿಟೀಲುಗಳೆಲ್ಲ ಒಟ್ಟಿಗೆ ಶುರುವಾಗಬೇಕು. ಇವರೊಬ್ಬರು ರವಷ್ಟು ಮುಂಚೆ ಶುರುಮಾಡಿಬಿಟ್ಟರು. ಆಗೆಲ್ಲ ಹಾಡುವವರೂ ನುಡಿಸುವವರೂ ಒಟ್ಟಿಗೇ ಕೂತು ಒಂದೇ ಸಲಕ್ಕೆ ಇಡೀ ಹಾಡು ಮುಗಿಸಬೇಕಿತ್ತು. ಗಾಯಕರು ಆ ಸಲ ತುಂಬ ಚೆನ್ನಾಗಿ ಹಾಡಿದ್ದರಿಂದ ಅದನ್ನೇ ಇಟ್ಟುಕೊಂಡರು. ಇದನ್ನು ಇವರು ನಮಗೆ ಹೇಳಿಕೊಂಡರೇ ಹೊರತು ಆ ಜಾಗವನ್ನು ಯಾವತ್ತೂ ಕೇಳಲು ಬಿಟ್ಟಿರಲಿಲ್ಲ.

ಆ ಭಾನುವಾರ ರೇಡಿಯೊದಲ್ಲಿ ಅದೇ ಹಾಡು ಬಂತು.

"ಆರ್ಸು, ಆರ್ಸು" ಎಂದರು ನನಗೆ.

"ಇರಪ್ಪಾ, ಒಂದ್ಸಲ ಕೇಳ್ತೀನಿ" ಎಂದಳು ಮಗಳು.

"ನಿಮ್ಮಪ್ಪನ ಮಾನ ಇಡೀ ಬೀದಿಗೆ ಕೇಳಿಸ್ಬೇಕೇನೇ?"

ಮೂವರೂ ನಕ್ಕೆವು. ನಾನು ಸೆರಗಿಗೆ ಕೈ ಒರೆಸಿಕೊಂಡು ಎದ್ದೆ. ಮೊದಲ ಚರಣ ಮುಗಿಯುತ್ತಿತ್ತು. ರೇಡಿಯೊ ಆರಿಸಿದೆ.

ಮರುದಿನ ಬೆಳಿಗ್ಗೆ ಮಾಗಡಿ ರಸ್ತೆಯ ಬಸ್‌ಸ್ಟಾಪಿನಲ್ಲಿ ಅವರು ಕುಸಿದುಬಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಿಟೀಲಿನ ಪೆಟ್ಟಿಗೆಯನ್ನು ಹೂ ಮಾರುವಾಕೆ ತನ್ನ ಬುಟ್ಟಿಯ ಹಿಂದೆ ಜೋಪಾನ ಮಾಡಿದ್ದಳು. ಸಂಜೆ ಮನೆ ಹುಡುಕಿಕೊಂಡು ಬಂದು ಕೊಟ್ಟಳು.

ತಿಥಿ ಮುಗಿದ ಮೇಲೆ ಆ ಹಾಡನ್ನು ಹುಡುಕಲು ಹೊರಟೆ. ಮನೆಯಲ್ಲಿ ಅವರು ನುಡಿಸಿದ್ದನ್ನು ಯಾರೂ ಟೇಪ್ ಮಾಡಿರಲಿಲ್ಲ. ಅವರ ಪಿಟೀಲೊಂದೇ ಕೇಳುವುದು ಇನ್ನು ಆ ಹಾಡಿನಲ್ಲಿ ಮಾತ್ರ.

"ಒಂದು ವಾರಾನೂ ಓಡ್ಲಿಲ್ಲಮ್ಮ ಆ ಪಿಕ್ಚರ್ರು. ಕ್ಯಾಸೆಟ್ಟು ಯಾರು ಮಾಡ್ತಾರೆ?" ಎಂದರು ವಿಜಯನಗರದ ಅಂಗಡಿಯವರು.

ರೇಡಿಯೊದವರಿಗೆ ಕಾರ್ಡು ಬರೆಯತೊಡಗಿದೆ. ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಹಾಕಿದರು. ಮಗಳು ಓಡಿಬಂದು ದನಿ ಹೆಚ್ಚಿಸಿದಳು. ಮೊದಲ ಚರಣ ಮುಗಿಯಿತು, ಕೊಳಲು ಬಂತು, ಹಾಡು ಸಣ್ಣಗಾಯಿತು. ವಾರ್ತೆಯ ಹೊತ್ತಾಗಿತ್ತು. ಮಗಳು ರೇಡಿಯೊ ಆರಿಸಿ ಒಳಗೆ ಹೋದಳು.

ಈಗಲೂ ಕಾರ್ಡು ಬರೆಯುತ್ತೇನೆ. ಅವರು ನುಡಿಸಿದ ಬೇರೆ ಹಾಡುಗಳು ಆಗಾಗ ಬರುತ್ತಿರುತ್ತವೆ. ಅವುಗಳಲ್ಲಿ ಅವರದು ಯಾವುದೆಂದು ಗೊತ್ತಾಗುವುದಿಲ್ಲ. ಅವರೊಬ್ಬರೇ ಕೇಳಿಸುವ ಆ ಜಾಗವನ್ನು ನಾನು ಇನ್ನೂ ಕೇಳಿಲ್ಲ.