ಕುಣಿಕೆಯೊಳಗೆ ಎರಡು ಬೆರಳು

ನನ್ನ ಎಡಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಕೇಳಿದವರಿಗೆಲ್ಲ ಬಸ್ಸಿನ ಬಾಗಿಲಿಗೆ ಸಿಕ್ಕಿತ್ತು ಅಂತ ಹೇಳಿಕೊಂಡು ಬಂದಿದ್ದೇನೆ. ಶುದ್ಧ ಸುಳ್ಳು.

ನಾನು ಕಡೂರಿನ ಕಾಲೇಜೊಂದರ ಮೇಷ್ಟ್ರು. ಎರಡು ವರ್ಷದ ಹಿಂದೆ ಪಿಯುಸಿ ಮಕ್ಕಳನ್ನು ಲಿಂಗದಹಳ್ಳಿ ಕಡೆಯ ಗುಡ್ಡಕ್ಕೆ ಸಾಹಸ ಶಿಬಿರಕ್ಕೆಂದು ಕರೆದುಕೊಂಡು ಹೋಗಿದ್ದೆ. ಒಬ್ಬರನ್ನೊಬ್ಬರು ನಂಬುವುದನ್ನು ಕಲಿಸುವ ಶಿಬಿರವಂತೆ. ಪಂಚನಹಳ್ಳಿ ಹತ್ತಿರದ ಒಬ್ಬ ಹುಡುಗಿಯನ್ನು ಕಳಿಸಲು ಅವಳಪ್ಪ ಸುತರಾಂ ಒಪ್ಪಿರಲಿಲ್ಲ. ನಾನೇ ಅವರ ತೆಂಗಿನ ತೋಟಕ್ಕೆ ಹೋಗಿ, "ನನ್ನ ಮಗಳಂಗೆ ನೋಡ್ಕೊತೀನಿ ಕಣ್ರೀ, ಕಳ್ಸಿ" ಎಂದು ಮಾತು ಕೊಟ್ಟಿದ್ದೆ.

ಎರಡನೆಯ ದಿನ ಕೊರಕಲು ದಾಟುವ ಆಟ. ಮೂರಾಳು ಆಳ, ತಳದಲ್ಲಿ ಬರೀ ಬಂಡೆ. ಕಾಲಿಡಲು ಒಂದು ಹಗ್ಗ, ಕೈ ಹಿಡಿಯಲು ಮೇಲೊಂದು. ದಾಟುವವರ ಸೊಂಟದ ಬೆಲ್ಟನ್ನು ಮೇಲಿನ ಹಗ್ಗಕ್ಕೇ ಕೊಂಡಿ ಹಾಕುವುದು. ಕೆಳಗಿನ ಹಗ್ಗವನ್ನು ಈಚೆ ಮೊದಲೇ ಬಿಗಿದು, ಆಚೆ ಹೋಗಿ ಎರಡರ ತುದಿಗಳನ್ನೂ ಕಟ್ಟಿ ಮುಗಿಸಿದ ತರಬೇತುದಾರ ಅಲ್ಲಿಂದಲೇ ಕೂಗಿದ.

"ಸಾರ್, ಮೇಲಿನ ಹಗ್ಗ ಮುಟ್ಬೇಡಿ. ನಾನೇ ಬಂದು ಕಟ್ತೀನಿ. ಅಲ್ಲೀವರೆಗೂ ಯಾರನ್ನೂ ಹತ್ತಿಸ್ಬೇಡಿ."

ನನಗೆ ಮೂಗಿನ ತುದಿಯಲ್ಲೇ ಕೋಪ. ಮಕ್ಕಳೆದುರು ಹಾಗೆ ಅಂದದ್ದು ಉರಿಯಿತು. ಅವನು ಗುಡ್ಡ ಬಳಸಿ ಬರುವಷ್ಟರಲ್ಲಿ ಹುಡುಗರ ಕೈಲಿ ಹಗ್ಗ ಎಳೆಸಿ ಮರಕ್ಕೆ ಸುತ್ತಿ ಬಿಗಿದೆ. "ದನ ಕಟ್ಟಿ ಬೆಳೆದೋನಿಗೆ ಗಂಟು ಹೇಳ್ಕೊಡ್ತಾನಂತೆ" ಎಂದು ಗೊಣಗುತ್ತಲೇ ಆ ಹುಡುಗಿಗೆ ಕೊಂಡಿ ಹಾಕಿದೆ. "ಹೋಗವ್ವಾ, ಅವ್ನು ಬರೋದ್ರೊಳಗೆ ಆಚೆಗಿರು."

ಅವಳು ಮರ ನೋಡಿದಳು, ನನ್ನ ಮುಖ ನೋಡಿದಳು, ಹಗ್ಗದ ಮೇಲೆ ಕಾಲಿಟ್ಟಳು.

ಅವಳು ನಡುಮಧ್ಯೆ ಹೋದಾಗ ಮರದ ಕಡೆ ತಿರುಗಿದೆ. ನನ್ನ ಕೈ ತನಗೆ ಗೊತ್ತಿದ್ದ ಗಂಟನ್ನೇ ಹಾಕಿಬಿಟ್ಟಿತ್ತು. ಹಸು ಕಾಲು ಸಿಕ್ಕಿಸಿಕೊಂಡು ಬಿದ್ದರೆ ತುದಿ ಹಿಡಿದು ಒಂದೇ ಸಲ ಜಗ್ಗಿ ಬಿಚ್ಚಲೆಂದು ಗೂಟಕ್ಕೆ ಹಾಕುವ ಗಂಟು. ನಾರಿನ ಹಗ್ಗವಾದರೆ ಕಚ್ಚಿ ಹಿಡಿಯುತ್ತದೆ. ಇದು ನೈಲಾನು. ಅವಳ ಒಂದೊಂದು ಹೆಜ್ಜೆಗೂ ಗಂಟಿನ ಕುಣಿಕೆ ಒಳಕ್ಕೆ ಜಾರುತ್ತಿತ್ತು. ಗೇಣುದ್ದ ಇದ್ದದ್ದು ನಾಲ್ಕು ಬೆರಳಿಗೆ ಬಂದಿತ್ತು.

ಕೂಗಿದರೆ ಹೆದರಿ ಜೋತುಬೀಳುತ್ತಾಳೆ. ಜೋತುಬಿದ್ದರೆ ಗಂಟು ಬಿಚ್ಚಿಹೋಗುತ್ತದೆ. ಬೇರೇನೂ ತೋಚದೆ ಕುಣಿಕೆಯೊಳಗೆ ಎರಡು ಬೆರಳು ತೂರಿಸಿದೆ. ಅವಳು ಮುಂದಿನ ಹೆಜ್ಜೆ ಇಟ್ಟಳು. ಹಗ್ಗ ಮೂಳೆಯವರೆಗೂ ಕಚ್ಚಿತು.

ಹಿಂದೆ ನಿಂತಿದ್ದ ಪೇಟೆ ಹುಡುಗನೊಬ್ಬ ನೇತಾಡುವ ತುದಿಗೆ ಕೈ ಚಾಚಿದ. "ಸಾರ್, ಇದನ್ನ ಎಳ್ದು ಬಿಗೀಲಾ?"

"ಮುಟ್ಟಿದ್ರೆ ಕೈ ಮುರೀತೀನಿ ಕಣೋ" ಎಂದೆ. ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ದೇವರೇ, ಇನ್ನು ಆರು ಹೆಜ್ಜೆ, ಇನ್ನು ಐದು ಎಂದು ಎಣಿಸುತ್ತಾ ನಿಂತೆ. ಅವಳು ದಡ ಹತ್ತಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಬಳಸಿ ಬಂದ ತರಬೇತುದಾರ ಗಂಟು ನೋಡಿದ, ನನ್ನ ಬೆರಳು ನೋಡಿದ, ಅವತ್ತಿನ ಆಟ ನಿಲ್ಲಿಸಿದ. ಬೈದಿದ್ದರೆ ಚೆನ್ನಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಒದ್ದೆ ಕರ್ಚೀಫು ತಂದು ಕೊಟ್ಟಳು.

"ಸಾರ್, ಅದು ದನದ ಗಂಟಲ್ವಾ?"

"ನಿಂಗೆ ಯಾವಾಗ ಗೊತ್ತಾಯ್ತು?"

"ಹತ್ತೋಕ್ಮುಂಚೇನೇ ನೋಡ್ದೆ."

"ಬಾಯಿ ಬಿಡೋಕೇನಾಗಿತ್ತೇ?"

"ನೀವು ಬೈತೀರಾ ಅಂತ ಸುಮ್ನಾದೆ ಸಾರ್."

ನಾನು ಆ ಒದ್ದೆ ಕರ್ಚೀಫನ್ನು ಬೆರಳಿಗೆ ಸುತ್ತಿಕೊಂಡೆ. ಕೊರಕಲಿಗಿಂತ ಆ ಮಗು ನನಗೆ ಹೆಚ್ಚು ಹೆದರಿತ್ತು.

ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳಪ್ಪ ಕಾಯುತ್ತಿದ್ದರು. ಮಗಳನ್ನು ಕಂಡು ಮುಖ ಅರಳಿತು. ನನಗೆ ಕೈ ಮುಗಿದವರು ಬಟ್ಟೆ ಸುತ್ತಿದ ಬೆರಳು ನೋಡಿ, "ಅಯ್ಯೋ, ಕೈಗೇನಾಯ್ತು ಮೇಷ್ಟ್ರೇ?" ಎಂದರು.

"ಬಸ್ಸಿನ ಬಾಗ್ಲಿಗೆ ಸಿಕ್ತು ಕಣ್ರೀ" ಎಂದೆ.

ಹುಡುಗಿ ನನ್ನ ಮುಖ ನೋಡಿದಳು. ಆಗಲೂ ಸುಮ್ಮನಿದ್ದಳು.